ಹಿಮ್ಮಡಿಯ ಗೆರೆ

"ಗುರುಗಳೇ, ಮನುಷ್ಯನ ಮೈ ಬರೆಯುವುದನ್ನು ಕಲಿಸಿದಿರಿ. ಅವನ ಮನಸ್ಸನ್ನು ಬರೆಯುವುದು ಹೇಗೆ?"

ಶಿಷ್ಯ ಹೀಗೆ ಕೇಳಿದಾಗ ಬೆಳಗಿನ ಹನ್ನೊಂದು ಗಂಟೆ. ಅವನ ಎದುರಿಗೆ ಆಳೆತ್ತರದ ಕ್ಯಾನ್ವಾಸ್ ಇತ್ತು. ಅದರ ಆಚೆ, ಗೇಣೆತ್ತರದ ಮರದ ಹಲಗೆಯ ಮೇಲೆ, ಫಕೀರಪ್ಪ ಎಂಬ ಮುದುಕ ಮಾಡೆಲ್ ಆಗಿ ನಿಂತಿದ್ದ. ಎರಡು ವಾರದಿಂದ ಶಿಷ್ಯ ಅವನನ್ನೇ ಬರೆಯುತ್ತಿದ್ದ. ಬರೆದದ್ದನ್ನು ಒರೆಸುತ್ತಿದ್ದ, ಮತ್ತೆ ಬರೆಯುತ್ತಿದ್ದ. ಅವನಿಗೆ ಊಟ ಸೇರುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಸಿಡುಕುತ್ತಿದ್ದ.

"ಮೈ ಬಂದಿದೆ, ಮೂಳೆ ಬಂದಿದೆ. ಒಳಗೆ ಯಾರೂ ಇಲ್ಲ," ಎಂದು ಅವನು ಬ್ರಷ್ಷನ್ನು ಡಬ್ಬಿಗೆ ಎಸೆದ. "ಈ ವಿದ್ಯೆ ನನಗೆ ಒಲಿಯುವುದಿಲ್ಲ ಎನ್ನುವುದಾದರೆ ಇವತ್ತೇ ಹೇಳಿಬಿಡಿ. ಊರಿಗೆ ಹೋಗುತ್ತೇನೆ."

ಗುರುಗಳು ಕ್ಯಾನ್ವಾಸನ್ನು ನೋಡಿದರು. ಹಲಗೆಯ ಕಡೆಗೂ ನೋಡಿದರು. ಆಮೇಲೆ ಕೂರುವಂತೆ ಕೈಸನ್ನೆ ಮಾಡಿದರು. ಶಿಷ್ಯ ಬಂದು, ಹಲಗೆಗೆ ಬೆನ್ನು ಮಾಡಿ, ಗುರುಗಳ ಮುಂದೆ ನೆಲದ ಮೇಲೆ ಕೂತ.

"ಒಬ್ಬ ಚಿತ್ರಕಾರನಿದ್ದ," ಎಂದರು ಗುರುಗಳು. "ನಿನ್ನಷ್ಟೇ ಅವಸರದವನು. ಕೇಳು."

ಆ ಚಿತ್ರಕಾರ ಮನುಷ್ಯರನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲ. ಗಿಡ ಬರೆಯಲಿಲ್ಲ, ದೇವರನ್ನು ಬರೆಯಲಿಲ್ಲ. ನಿಂತ ಮನುಷ್ಯ, ಕೂತ ಮನುಷ್ಯ, ಮಲಗಿದ ಮನುಷ್ಯ. ಹದಿನಾಲ್ಕು ವರ್ಷ ಇಷ್ಟೇ. ಕೈ ಪಳಗಿತ್ತು. ಅವನು ಬರೆದ ಮೊಣಕಾಲನ್ನು ನೋಡಿ ಡಾಕ್ಟರುಗಳು ತಲೆದೂಗುತ್ತಿದ್ದರು. ಹೆಸರೂ ಬಂತು. ಹೆಸರಿನ ಜೊತೆಗೆ ಸಮಾಧಾನವೂ ಬರುತ್ತದೆ ಎಂದು ಅವನು ತಿಳಿದಿದ್ದ. ಅದು ಬರಲಿಲ್ಲ.

ಒಮ್ಮೆ ಅವನ ಚಿತ್ರಗಳ ಪ್ರದರ್ಶನ ನಡೆದಿತ್ತು. ಹೊರಗೆ ಬಿಸಿಲು. ನೆರಳಿಗೆಂದು ಒಬ್ಬ ಮುದುಕಿ ಒಳಗೆ ಬಂದಳು. ಬಂದವಳು ಸುಮ್ಮನೆ ಕೂರಲಿಲ್ಲ, ಒಂದೊಂದೇ ಚಿತ್ರದ ಮುಂದೆ ನಿಂತು ನೋಡಿದಳು. ಕೊನೆಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಾಗಿಲ ಬಳಿ ನಿಂತಿದ್ದ ಚಿತ್ರಕಾರನನ್ನೇ ಕೇಳಿದಳು: "ಇವರೆಲ್ಲಾ ತೀರಿಕೊಂಡವರೇನ್ಪಾ?"

ಅವಳದೇನೂ ತಪ್ಪಿಲ್ಲ. ನಮ್ಮ ಮನೆಗಳಲ್ಲಿ ಒಬ್ಬನೇ ಮನುಷ್ಯನ ಪಟ ಗೋಡೆ ಏರುವುದು ಅವನು ಹೋದ ಮೇಲೆಯೇ. ಮುದುಕಿ ಚಿತ್ರಗಳಿಗೆಲ್ಲ ಒಟ್ಟಾಗಿ ಒಂದು ಸಲ ಕೈ ಮುಗಿದು ಹೊರಟುಹೋದಳು. ಚಿತ್ರಕಾರ ಆವತ್ತು ಸಂಜೆಯವರೆಗೆ ಬಂದವರ ಜೊತೆ ನಗುನಗುತ್ತಲೇ ಮಾತಾಡಿದ. ಪ್ರದರ್ಶನ ಮುಗಿದು ಚಿತ್ರಗಳು ಮನೆಗೆ ಬಂದಾಗ ಒಂದೊಂದನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದ.

ಅಲ್ಲಿಂದ ಅವನಿಗೆ ನೆಲೆ ತಪ್ಪಿತು. ಬಸ್‌ಸ್ಟ್ಯಾಂಡಿಗೆ ಹೋದ, ಕೋರ್ಟಿನ ಪಡಸಾಲೆಗೆ ಹೋದ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ. ಅಳುವವರ ಮುಖ ಬರೆದುಕೊಂಡ, ಕಾಯುವವರ ಮುಖ ಬರೆದುಕೊಂಡ. ಮನೆಗೆ ಬಂದು ನೋಡಿದರೆ ಎಲ್ಲರೂ ಮುದುಕಿ ಹೇಳಿದ ಹಾಗೆಯೇ ಕಂಡರು. ಕಡೆಗೆ ತನ್ನೊಳಗೇ ಒಂದು ಮಾತು ಕಟ್ಟಿಕೊಂಡ: ಇನ್ನು ಒಂದೇ ಚಿತ್ರ. ಒಬ್ಬನೇ ಮನುಷ್ಯ. ಅದನ್ನು ಆ ಮುದುಕಿ ನೋಡಿದರೆ, ಇವನು ತೀರಿಕೊಂಡವನೇ ಎಂದು ಕೇಳಬಾರದು. ಇವನಿಗೆ ಏನಾಗಿದೆ, ಯಾಕೆ ಹೀಗೆ ನಿಂತಿದ್ದಾನೆ ಎಂದು ಕೇಳಬೇಕು. ಅಷ್ಟು ಆಗದಿದ್ದರೆ ಬಣ್ಣಗಳನ್ನೆಲ್ಲ ಯಾರಿಗಾದರೂ ಕೊಟ್ಟು ಈ ಕೆಲಸಕ್ಕೆ ಕೈಮುಗಿಯುವುದು. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ ಎನ್ನುವುದು ನಿನ್ನ ನೆನಪಿನಲ್ಲಿರಲಿ.

ಅವನು ಚಿತ್ರ ಬರೆಯುತ್ತಿದ್ದ ಕೋಣೆ ದವಸದ ಪೇಟೆಯ ಎದುರಿಗೆ, ಮೊದಲ ಮಹಡಿಯಲ್ಲಿತ್ತು. ಮಾಡೆಲ್ ಆಗಿ ನಿಲ್ಲಲು ಅನೇಕರು ಬಂದರು. ಒಬ್ಬ ಪೈಲ್ವಾನ ಬಂದ. ನಿಲ್ಲು ಎಂದರೆ ಎದೆ ಉಬ್ಬಿಸಿದ. ಒಬ್ಬ ನಾಟಕದವನು ಬಂದ. ದುಃಖದ ಚಿತ್ರ ಎಂದು ಕೇಳಿದ್ದೇ ತಡ, ಹಣೆಗೆ ಕೈ ಹಚ್ಚಿದ. ಇಬ್ಬರನ್ನೂ ಚಹಾ ಕುಡಿಸಿ ಕಳಿಸಿದ. ಕೊನೆಗೆ ಪೇಟೆಯಲ್ಲಿ ಚೀಲ ಹೊರುವ ಒಬ್ಬ ಹಮಾಲ ಬಂದ.

ಹಮಾಲ ಕೋಣೆಯ ಸುತ್ತ ನೋಡಲಿಲ್ಲ, ಏನು ಕೊಡುತ್ತೀರಿ ಎಂದು ಕೇಳಲಿಲ್ಲ. ನೇರವಾಗಿ ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ಕೆಳಗೆ ನೋಡಿದ. ಆಮೇಲೆ, "ಆತ್ರಿ, ನಿಂದರತೇನಿ," ಎಂದ. ನಾಚಿಕೆಯ ಮನುಷ್ಯ ಎಂದುಕೊಂಡ ಚಿತ್ರಕಾರ. ಕಾರಣ ಕೇಳುವ ಗೋಜಿಗೆ ಹೋಗಲಿಲ್ಲ.

ಮಾಡೆಲ್ ಆಗಿ ನಿಂತವರು ಇಪ್ಪತ್ತು ನಿಮಿಷಕ್ಕೊಮ್ಮೆ ಕೆಳಗಿಳಿದು ದಣಿವಾರಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಇದು ನಿನಗೂ ಗೊತ್ತಿದೆ. ಮತ್ತೆ ಹಲಗೆ ಹತ್ತಿದಾಗ ಮೊದಲಿನ ಜಾಗದಲ್ಲೇ ನಿಲ್ಲಬೇಕು. ಅದಕ್ಕೆಂದೇ ಅವರ ಪಾದದ ಸುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತೇವೆ. ನಿನ್ನೆ ನಿಂತ ಹಾಗೆ ಇವತ್ತು ನಿಲ್ಲದಿದ್ದರೆ ಭುಜ ತಪ್ಪುತ್ತದೆ, ಭುಜ ತಪ್ಪಿದರೆ ಇಡೀ ಮೈ ತಪ್ಪುತ್ತದೆ. ಚಿತ್ರಕಾರ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಗೆರೆ ಸಾಲದೆಂದು, ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುತ್ತಾರಲ್ಲ, ಅಂಥ ಗುಂಡು ಕಟ್ಟಿದ ದಾರವನ್ನೂ ಜಂತೆಯಿಂದ ತೂಗುಹಾಕಿದ್ದ. ಹಮಾಲನನ್ನು ಕಿಟಕಿಗೆ ಮುಖ ಮಾಡಿ ನಿಲ್ಲಿಸಿದ. ಬೆಳಕು ಅವನ ಮುಖಕ್ಕೆ ಬೀಳಲಿ ಎಂದು. ಚಿತ್ರಕಾರನ ಬೆನ್ನು ಕಿಟಕಿಗಿತ್ತು.

ಮೊದಲ ವಾರದಲ್ಲೇ ಪಾದಗಳನ್ನು ಬರೆದು ಮುಗಿಸಿದ. ಹರಡಿದ ಬೆರಳು, ಒಡೆದ ಹಿಮ್ಮಡಿ. ನೂರು ಕಿಲೋ ಚೀಲ ಹೊತ್ತ ಪಾದ ನೆಲವನ್ನು ಹೇಗೆ ಹಿಡಿದಿರಬೇಕೋ ಹಾಗೆ ಬಂದವು. ಇನ್ನು ಅವನ್ನು ಮುಟ್ಟಬೇಕಾಗಿಲ್ಲ ಎಂದುಕೊಂಡು ಮೇಲಕ್ಕೆ ಹೋದ. ಅವನಿಗೆ ಬೇಕಾದದ್ದು ಮುಖದಲ್ಲಿ ಸಿಗುತ್ತದೆ ಎಂದು ಅವನ ಲೆಕ್ಕ.

ಹಮಾಲನ ಮುಖವೋ, ಬಾಗಿಲು ಹಾಕಿದ ಮನೆಯ ಹಾಗಿತ್ತು. ಚಿತ್ರಕಾರ ಅದನ್ನು ಇದ್ದ ಹಾಗೆ ಬರೆದ, ಒರೆಸಿದ. ಬಾಯನ್ನು ಕಿವಿಯವರೆಗೆ ಎಳೆದ. ಒಂದು ಕಣ್ಣನ್ನು ಹಣೆಗೆ ಏರಿಸಿದ. ಮುಖಕ್ಕೆ ನೀಲಿ ಬಳಿದ, ನೀಲಿಯನ್ನು ಚಾಕುವಿನಿಂದ ಕೆರೆದ. ಎದೆಯನ್ನು ಸೀಳಿ ಒಳಗೆ ಒಂದು ಹಕ್ಕಿ ಬರೆದ. ಎರಡು ದಿನ ಆ ಹಕ್ಕಿ ಅವನಿಗೆ ಮಹಾ ಅರ್ಥದ್ದಾಗಿ ಕಂಡಿತು. ಮೂರನೆಯ ದಿನ ನೋಡಿದರೆ ಬರೀ ಹಕ್ಕಿ. ಅದನ್ನೂ ಒರೆಸಿದ. ಹೀಗೆ ಒಂದೇ ಕ್ಯಾನ್ವಾಸಿನ ಮೇಲೆ ಮೂವತ್ತು ಮುಖಗಳಾದವು. ಅವನಿಗೆ ಗಡ್ಡ ಬೆಳೆಯಿತು. ಹೆಂಡತಿ ತಂದಿಟ್ಟ ಬುತ್ತಿ ಮುಚ್ಚಿದ್ದು ಮುಚ್ಚಿದ ಹಾಗೆಯೇ ಮನೆಗೆ ಹೋಗುತ್ತಿತ್ತು.

ಇದರ ನಡುವೆ ಅವನಿಗೆ ಒಂದು ಕಿರುಕುಳ. ಹಮಾಲನ ಎಡ ಹಿಮ್ಮಡಿ ಹಲಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ಅರ್ಧ ಬೆರಳಿನಷ್ಟು ಏಳುತ್ತಿತ್ತು. ಸ್ವಲ್ಪ ಹೊತ್ತು ಹಾಗೆಯೇ ಇದ್ದು ಮತ್ತೆ ಇಳಿಯುತ್ತಿತ್ತು. ಅದು ಎದ್ದಾಗಲೆಲ್ಲ ಸೊಂಟ ಸರಿಯುತ್ತಿತ್ತು, ಮೈ ದಾರದ ನೇರ ತಪ್ಪುತ್ತಿತ್ತು.

"ಹಿಮ್ಮಡಾ ಊರಿ ನಿಂದ್ರಪಾ," ಎನ್ನುತ್ತಿದ್ದ ಚಿತ್ರಕಾರ. "ನಿನ್ನಿ ಹೆಂಗ ನಿಂತಿದ್ದಿ, ಹಂಗ ನಿಂದ್ರು."

ಹಮಾಲ ಊರುತ್ತಿದ್ದ. ಹತ್ತು ನಿಮಿಷಕ್ಕೆ ಮತ್ತೆ ಏಳುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಇದೇ ಮಾತು. ಒಂದು ದಿನ ಚಿತ್ರಕಾರ ರೇಗಿ, ಹಲಗೆ ಹತ್ತಿ, ತನ್ನ ಕೈಯಿಂದಲೇ ಆ ಹಿಮ್ಮಡಿಯನ್ನು ಒತ್ತಿ ಕೂರಿಸಿದ. ಹಮಾಲನ ಕಣ್ಣು ಕಿಟಕಿಯ ಹೊರಗಿತ್ತು.

ಇನ್ನೊಂದು ಕಿರುಕುಳ ಸೀಮೆಸುಣ್ಣದ್ದು. ಬೆಳಿಗ್ಗೆ ಬಂದು ನೋಡಿದರೆ ಎಡಗಾಲಿನ ಗೆರೆ ಹಿಮ್ಮಡಿಯ ಕಡೆ ಅಳಿಸಿಹೋಗಿರುತ್ತಿತ್ತು. ದಿನವೂ ಅದೇ ಜಾಗ. ಚಿತ್ರಕಾರ ದಿನವೂ ಬಗ್ಗಿ ಅದನ್ನು ಮತ್ತೆ ಎಳೆಯುತ್ತಿದ್ದ. ಒಂದು ಬೆಳಿಗ್ಗೆ ಅವನ ಸಿಟ್ಟು ಕಸ ಗುಡಿಸುವ ಹೆಂಗಸಿನ ಮೇಲೆ ತಿರುಗಿತು. "ಗೆರಿ ಮ್ಯಾಲ ಕಸಬರಿಗಿ ಆಡಸಬ್ಯಾಡ ಅಂತ ಎಷ್ಟ ಸಲ ಹೇಳಬೇಕು?"

"ನಾ ಆ ಹಲಗಿ ಹತ್ತಿನೇ ಇಲ್ರಿ," ಎಂದಳು ಅವಳು. "ನಾ ಕಸಾ ಹೊಡದಿದ್ರ ಬಲಗಾಲಿನ ಗೆರೀನೂ ಹೋಗಬೇಕಿತ್ತಲ್ರಿ? ಅದು ಹಂಗ ಐತಲ್ಲ."

ಕೋರ್ಟಿನಲ್ಲಿ ಹೇಳಿದ್ದರೆ ನ್ಯಾಯಾಧೀಶರು ತಲೆದೂಗುವ ಮಾತು. ಚಿತ್ರಕಾರ ಮಾತ್ರ, ಭಾಳ ಮಾತ ಕಲ್ತಿ ಎಂದು ಗೊಣಗಿ, ಗೆರೆಯನ್ನು ಇನ್ನೊಮ್ಮೆ ಎಳೆದ. ಅವನಿಗೆ ಪುರಸೊತ್ತೆಲ್ಲಿ? ಅವನು ಮನುಷ್ಯನ ಮನಸ್ಸನ್ನು ಹುಡುಕುತ್ತಿದ್ದ.

ನಲವತ್ತನೆಯ ದಿನ ಮಧ್ಯಾಹ್ನ ಹಮಾಲ ಇದ್ದಕ್ಕಿದ್ದ ಹಾಗೆ ಹಲಗೆಯಿಂದ ಹಾರಿದ. ಮೈಮೇಲೆ ಅಂಗಿಯಿಲ್ಲ, ಕಾಲಿಗೆ ಚಪ್ಪಲಿಯಿಲ್ಲ. ಮೆಟ್ಟಿಲಿಳಿದು ರಸ್ತೆಗೆ ಓಡಿಬಿಟ್ಟ. ಚಿತ್ರಕಾರ ಬ್ರಷ್ ಹಿಡಿದುಕೊಂಡೇ ನಿಂತ. ಮೂವತ್ತೊಂದನೆಯ ಮುಖದ ಮೂಗು ಅರ್ಧ ಆಗಿತ್ತು. ನೋಡಲು ಬೇರೇನೂ ಇಲ್ಲದ್ದರಿಂದ, ಅಂದು ಮೊದಲ ಸಲ ಅವನು ಖಾಲಿ ಹಲಗೆಯನ್ನು ನೋಡಿದ.

ಬಲಗಾಲಿನ ಗೆರೆ ಸುತ್ತಲೂ ಅಚ್ಚಾಗಿತ್ತು. ಎಡಗಾಲಿನ ಗೆರೆ ಬೆರಳುಗಳ ಕಡೆ ಅಚ್ಚಾಗಿತ್ತು. ಹಿಮ್ಮಡಿಯ ಕಡೆ, ಆವತ್ತು ಬೆಳಿಗ್ಗೆ ತಾನೇ ಎಳೆದಿದ್ದ ಗೆರೆ ಇರಲಿಲ್ಲ. ಅಲ್ಲಿ ಮರ ಬೆವರಿನಿಂದ ಕಪ್ಪಾಗಿ, ಉಜ್ಜಿ ಉಜ್ಜಿ ನುಣುಪಾಗಿತ್ತು. ನಲವತ್ತು ದಿನ ಆ ಹಿಮ್ಮಡಿ ಎದ್ದು ಇಳಿದು, ಎದ್ದು ಇಳಿದು, ಆ ಗೆರೆಯನ್ನು ತಿಂದಿತ್ತು. ನಲವತ್ತು ದಿನ ತಾನು ಅದನ್ನು ತಿದ್ದಿದ್ದ.

ಒಂದು ತಾಸಿನ ಮೇಲೆ ಹಮಾಲ ತಿರುಗಿ ಬಂದ. ಮೈ ಧೂಳಾಗಿತ್ತು. ಬಂದವನೇ ಹಲಗೆ ಹತ್ತಿ ತನ್ನ ಜಾಗದಲ್ಲಿ ನಿಂತ.

"ತಪ್ಪಾತ್ರಿ ಸಾಹೇಬ್ರ," ಎಂದ. "ಅಂವ ಅಲ್ಲ."

"ಯಾರು?" ಎಂದು ಚಿತ್ರಕಾರ ಕೇಳಿದ. ನಲವತ್ತು ದಿನಗಳಲ್ಲಿ ಅವನು ಹಮಾಲನಿಗೆ ಕೇಳಿದ ಮೊದಲ ಪ್ರಶ್ನೆ ಇದು.

"ನನ್ನ ತಮ್ಮರಿ. ಇಬ್ಬರೂ ಕೂಡೇ ಚೀಲಾ ಹೊರತಿದ್ವಿ. ಅಂವ ಒಂದ ಮಾತ ಎದುರಾಡಿದಾ ಅಂತ ನಾಕ ಮಂದ್ಯಾಗ ಅವನ ಕಪಾಳಕ್ಕ ಹೊಡದೆ. ಅಂಗಿ ಹೆಗಲ ಮ್ಯಾಲ ಹಾಕ್ಕೊಂಡ ಹ್ವಾದಾಂವ ಹೊಳ್ಳಿ ಬಂದಿಲ್ರಿ. ಬಂದ್ರ ಈ ರಸ್ತಾದಾಗ ಬರಬೇಕು. ಇಲ್ಲಿ ನಿಂತ್ರ ರಸ್ತಾ ಪೂರಾ ಕಾಣತೈತಿ. ಅದಕ್ಕ ನಾ ಒಪ್ಪಿದ್ದು. ಚೀಲಾ ಹೊರುವಾಗ ತೆಲಿ ಎತ್ತಿ ನೋಡಾಕ ಆಗೂದಿಲ್ರಿ."

ಇಷ್ಟು ಹೇಳಿದ ಮೇಲೆ ಅವನ ಮುಖ ಎಂದಿನಂತೆ ಬಾಗಿಲು ಹಾಕಿಕೊಂಡಿತು.

"ಹಾಗಾದರೆ ಚಿತ್ರಕಾರನಿಗೆ ಸಿಕ್ಕಿತು!" ಎಂದ ಶಿಷ್ಯ. ಅವನು ಮೊಣಕಾಲ ಮೇಲೆ ಎದ್ದು ಕೂತಿದ್ದ. "ಆ ಹಿಮ್ಮಡಿಯನ್ನು ಎತ್ತಿ ಬರೆದರೆ ಆಯಿತಲ್ಲ, ಗುರುಗಳೇ?"

"ತಾಳು," ಎಂದರು ಗುರುಗಳು. "ಅವನೂ ಹಾಗೇ ಅಂದುಕೊಂಡ."

ಚಿತ್ರಕಾರ ಕ್ಯಾನ್ವಾಸಿನ ಮುಂದೆ ಮಂಡಿಯೂರಿ ಕೂತ. ಎಂದೋ ಮುಗಿಸಿದ್ದ ಎಡ ಪಾದವನ್ನು ಬಟ್ಟೆಯಿಂದ ಒರೆಸಿ ತೆಗೆದ. ಹೊಸ ಸೀಮೆಸುಣ್ಣ ತಂದ. ನಂತರ ಹಮಾಲನಿಗೆ ಹೇಳಿದ: "ಎಡ ಹಿಮ್ಮಡಾ ಎತ್ತು. ದಿನಾ ಎತ್ತತಿದ್ದೆಲ್ಲ, ಹಂಗ. ಎತ್ತಿದ್ದು ಇಳಸಬ್ಯಾಡ."

ಹಮಾಲ ಎತ್ತಿದ. ಬೇಡವೆನ್ನುವ ಅಭ್ಯಾಸ ಅವನಿಗಿರಲಿಲ್ಲ. ಚಿತ್ರಕಾರ ಎತ್ತಿದ ಪಾದಕ್ಕೂ ಒಂದು ಗೆರೆ ಎಳೆದ. ಹಿಮ್ಮಡಿ ಮತ್ತು ಹಲಗೆಯ ನಡುವಿನ ಅಂತರವನ್ನು ಬೆರಳಿನಿಂದ ಅಳೆದುಕೊಂಡ. ಬರೆಯತೊಡಗಿದ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಹಮಾಲನ ಮೀನಖಂಡ ನಡುಗಿತು. ಅವನು ಈಗ ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ. ಕಣ್ಣು ತಗ್ಗಿಸಿ ತನ್ನ ಕಾಲನ್ನೇ ನೋಡುತ್ತಿದ್ದ, ಎಲ್ಲಿ ಇಳಿದುಬಿಡುತ್ತದೋ ಎಂದು. ಕೆಳಗೆ ರಸ್ತೆಯಲ್ಲಿ ಜನ ಹೋಗುತ್ತಿದ್ದರು, ಬರುತ್ತಿದ್ದರು. ಅವರನ್ನು ನೋಡುವವರು ಯಾರೂ ಇರಲಿಲ್ಲ.

ಚಿತ್ರಕಾರ ಕ್ಯಾನ್ವಾಸಿನ ಮೇಲಿನ ಪಾದವನ್ನು ನೋಡಿದ. ಎತ್ತಿದ ಹಿಮ್ಮಡಿ ಚೆನ್ನಾಗಿಯೇ ಬಂದಿತ್ತು. ಅದರಲ್ಲಿ ಯಾರೂ ಇರಲಿಲ್ಲ. ಅವನು ಹಮಾಲನನ್ನು ನೋಡಿದ. ಆಗ ಅವನಿಗೆ ಮುದುಕಿಯ ಮಾತು ನೆನಪಾಯಿತು. ಅವಳು ಅಪಶಕುನ ನುಡಿದವಳಲ್ಲ, ಇದ್ದದ್ದನ್ನು ಕೇಳಿದವಳು. ಹದಿನಾಲ್ಕು ವರ್ಷ ಜೀವ ಇರುವವರೇ ಬಂದು ತನ್ನ ಹಲಗೆ ಹತ್ತಿದ್ದರು. ಅವರನ್ನು ಗೆರೆಯೊಳಗೆ ನಿಲ್ಲಿಸಿ ನಿಲ್ಲಿಸಿ ಸಾಯಿಸಿದವನು ತಾನು. ಅವನಿಗೆ ತನ್ನ ಬಗ್ಗೆ ಬಹಳ ನಾಚಿಕೆಯಾಯಿತು.

ಅವನು ಬ್ರಷ್ ಕೆಳಗಿಟ್ಟ. ಒದ್ದೆ ಬಟ್ಟೆ ತಂದು ಹಲಗೆಯ ಮೇಲಿನ ಗೆರೆಗಳನ್ನು ಒರೆಸಿದ. ಹಮಾಲನ ಕೈಹಿಡಿದು ಇಳಿಸಿಕೊಂಡು, ಒಂದು ಸ್ಟೂಲು ಎಳೆದು ಕಿಟಕಿಯ ಹತ್ತಿರ ಕೂರಿಸಿದ. ತಾನೂ ಅವನ ಪಕ್ಕದಲ್ಲಿ, ರಸ್ತೆಗೆ ಮುಖ ಮಾಡಿ ನಿಂತ.

"ನಿಮ್ಮ ತಮ್ಮ ಹೆಂಗ ನಡೀತಾನ? ಹೇಳ್ರಿ," ಎಂದ. "ನಾನೂ ನೋಡತೇನಿ."

ಹಮಾಲ ಹೇಳತೊಡಗಿದ. ಎಡಗೈ ಹೆಚ್ಚು ಬೀಸುತ್ತಾನೆ. ತಲೆ ಒಂದು ಕಡೆ ವಾಲಿಸುತ್ತಾನೆ. ಸಣ್ಣವನಿದ್ದಾಗ ತನ್ನ ಹೆಗಲ ಮೇಲೆ ಕೂತು ಪೇಟೆಗೆ ಬರುತ್ತಿದ್ದ. ಹೇಳುತ್ತಾ ಹೇಳುತ್ತಾ ಅವನ ದನಿ ಒಡೆಯಿತು. ಆಗ ಆ ಮುಖದಲ್ಲಿ ಏನು ಬಂತೋ, ಅದು ಚಿತ್ರಕಾರನಿಗೆ ಗೊತ್ತಾಗಲಿಲ್ಲ. ಅವನ ಕಣ್ಣು ರಸ್ತೆಯ ಮೇಲಿತ್ತು.

ಗುರುಗಳು ಕಥೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಉಸಿರು ಬಿಟ್ಟ. ಅವನ ಮುಖ ಕೆಂಪಾಗಿತ್ತು.

"ಆ ಚಿತ್ರ ಏನಾಯಿತು ಗುರುಗಳೇ? ಈಗ ಎಲ್ಲಿದೆ?"

ಗುರುಗಳು ಅವನ ಮುಖವನ್ನೇ ನೋಡಿದರು.

ಶಿಷ್ಯನಿಗೆ ಉತ್ತರಕ್ಕೆ ಕಾಯುವ ತಾಳ್ಮೆ ಇರಲಿಲ್ಲ. ಅವನ ಕೈ ಕಡಿಯುತ್ತಿತ್ತು. ಎದ್ದು ಕ್ಯಾನ್ವಾಸಿನ ಮುಂದೆ ಹೋದ. ಡಬ್ಬಿಯಿಂದ ಬ್ರಷ್ ಹೆಕ್ಕಿಕೊಂಡ. ಬರೆದಿದ್ದ ಪಾದಗಳ ಮೇಲೆ ಕಣ್ಣು ನೆಟ್ಟು, ಎಡ ಪಾದದ ಅಡಿಯಲ್ಲಿ ಒಂದು ಗುರುತು ಹಾಕಿದ. ಆಮೇಲೆ ಕ್ಯಾನ್ವಾಸಿನಿಂದ ತಲೆ ಎತ್ತದೆಯೇ ಕೂಗಿ ಹೇಳಿದ:

"ಫಕೀರಪ್ಪಜ್ಜ, ಎಡ ಹಿಮ್ಮಡಿ ಸ್ವಲ್ಪ ಎತ್ತಿ ನಿಲ್ಲಿ ನೋಡೋಣ."

ಯಾರೂ ಓಗೊಡಲಿಲ್ಲ. ಶಿಷ್ಯ ಇನ್ನೊಮ್ಮೆ ಹೇಳಿದ. ಆಮೇಲೆ ತಲೆ ಎತ್ತಿ ಹಲಗೆಯ ಕಡೆ ನೋಡಿದ. ಅಲ್ಲಿ ಸೀಮೆಸುಣ್ಣದ ಎರಡು ಪಾದಗಳಿದ್ದವು, ಅಷ್ಟೇ. ಫಕೀರಪ್ಪ ಗೋಡೆಯ ಬಳಿಯ ಸ್ಟೂಲಿನ ಮೇಲೆ ಕೂತು, ಎರಡೂ ಕೈಯಿಂದ ತನ್ನ ಮೊಣಕಾಲನ್ನು ನೀವಿಕೊಳ್ಳುತ್ತಿದ್ದ. ಪಕ್ಕದಲ್ಲಿದ್ದ ನೀರಿನ ಲೋಟ ಖಾಲಿಯಾಗಿತ್ತು. ಕೂತು ಬಹಳ ಹೊತ್ತಾದವನ ಹಾಗೆ ಕಾಣುತ್ತಿದ್ದ.

ಶಿಷ್ಯ ಗುರುಗಳ ಕಡೆ ತಿರುಗಿದ.

"ನೀನು ಪ್ರಶ್ನೆ ಕೇಳಿದಾಗ ಕೂರಲು ನಾನು ಕೈಸನ್ನೆ ಮಾಡಿದ್ದು ನಿನಗಲ್ಲ," ಎಂದರು ಗುರುಗಳು.